ಹಳೇ ಲಾರಿ ಯಾಕೆ ನಾರುತ್ತದೆ?

(ಲಾರಿ ಚಾಲಕರು, ಕ್ಲೀನರ್‌ಗಳು ಮತ್ತು ಐಟಿಐ ಹುಡುಗರು ಸೇರಿದ್ದ ಒಂದು ಸಭೆಯಲ್ಲಿ ಗ್ಯಾರೇಜ್ ಮೇಸ್ತ್ರಿಯೊಬ್ಬರು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೈಕು ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಮೂವತ್ತು ವರ್ಷ ಎಂಜಿನ್ ಸದ್ದಿನ ನಡುವೆ ಕೂಗಿಕೊಂಡೇ ಬದುಕಿದವನು ನಾನು. ಮೆಲ್ಲಗೆ ಮಾತಾಡುವುದು ಮರೆತೇ ಹೋಗಿದೆ. ಅದಕ್ಕೆ ಇದನ್ನು ಸ್ವಲ್ಪ ದೂರವೇ ಇಟ್ಟುಕೊಳ್ಳುತ್ತೇನೆ.

ಇವತ್ತಿನ ವಿಷಯ ವಾಸನೆ. ಹೊಗೆ ಅಲ್ಲ, ವಾಸನೆ. ಹೊಗೆ ಬಂದರೆ ಎಲ್ಲರಿಗೂ ಕಾಣುತ್ತದೆ. ಕಪ್ಪು ಬಂದರೆ ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ನೀಲಿ ಬಂದರೆ ಎಂಜಿನ್ ಆಯಿಲ್ ತಿನ್ನುತ್ತಿದೆ. ಬಿಳಿ ಬಂದರೆ ಡೀಸೆಲ್ ಉರಿಯದೆ ಹಾಗೇ ಆಚೆ ಬರುತ್ತಿದೆ, ಇಲ್ಲವೇ ನೀರು ಒಳಗೆ ಹೋಗುತ್ತಿದೆ. ಇಷ್ಟು ಎರಡು ವರ್ಷ ಲಾರಿಯಲ್ಲಿ ತಿರುಗಿದ ಯಾವ ಕ್ಲೀನರ್ ಹುಡುಗನಿಗೂ ಗೊತ್ತಿರುತ್ತದೆ. ಕಷ್ಟ ಇರುವುದು ಇನ್ನೊಂದು ಥರದ ಗಾಡಿಯಲ್ಲಿ. ಹೊಗೆ ಅಂಥಾದ್ದೇನೂ ಕಾಣುವುದಿಲ್ಲ. ಪಕ್ಕದಲ್ಲಿ ಎರಡು ನಿಮಿಷ ನಿಂತರೆ ಮಾತ್ರ ಕಣ್ಣಲ್ಲಿ ನೀರು.

ಅಂಥ ಒಂದು ಗಾಡಿಯ ಕಥೆಯನ್ನೇ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅದರ ಜೊತೆಗೇ ಬರುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ಮೆಕ್ಕೆಜೋಳದ ಲೋಡು ಹೊಡೆಯುವ ಒಬ್ಬ ಓನರ್ ಕಮ್ ಡ್ರೈವರ್ ಬಂದ. ತೊಂಬತ್ತರ ದಶಕದ ಲಾರಿ, ಆರು ಸಿಲಿಂಡರ್, ಟರ್ಬೋ ಇಲ್ಲ, ಡೀಸೆಲ್ ಒತ್ತಿ ಕೊಡುವ ಹಳೇ ಕಾಲದ ಮೆಕ್ಯಾನಿಕಲ್ ಪಂಪು. ನಮ್ಮ ಕಡೆ ಆ ಪಂಪಿಗೆ ಇವತ್ತಿಗೂ ಮೈಕೋ ಪಂಪು ಅಂತಲೇ ಹೆಸರು. ಬೆಂಗಳೂರಿನ ಮೈಕೋ ಕಂಪನಿ ಶುರುವಾಗಿದ್ದು 1951ರಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಅಂತ ಬದಲಾಯಿತು. ಹೆಸರು ಬದಲಾಗಿದ್ದು ಬೋರ್ಡಿನ ಮೇಲೆ. ಗ್ಯಾರೇಜಿನಲ್ಲಿ ಬದಲಾಗಲಿಲ್ಲ.

ಅವನು ಹೇಳಿದ್ದು ಹೀಗೆ: "ಅಣ್ಣಾ, ಎಮಿಷನ್ ಟೆಸ್ಟ್ ಪಾಸಾಗಿದೆ. ಪಿಕಪ್ಪೂ ಪರವಾಗಿಲ್ಲ. ಆದ್ರೆ ಎಪಿಎಂಸಿ ಯಾರ್ಡಲ್ಲಿ ನಿಂತ್ರೆ ಹಮಾಲ್ರು ಬೈತಾರೆ. ಗಾಡಿ ಆಫ್ ಮಾಡಪ್ಪಾ, ಕಣ್ಣು ಬಿಡೋಕಾಗ್ತಿಲ್ಲ ಅಂತಾರೆ."

ನಾನು ಕೇಳಿದೆ, "ನಿನಗೆ ಹೇಗನ್ನಿಸುತ್ತೆ?"

"ನನಗೇನೂ ಗೊತ್ತಾಗಲ್ಲ ಅಣ್ಣಾ."

ಗೊತ್ತಾಗುವುದೇ ಇಲ್ಲ. ಮೂಗು ಹಾಗೇ. ಒಂದೇ ವಾಸನೆಯಲ್ಲಿ ಕೂತರೆ ಸ್ವಲ್ಪ ಹೊತ್ತಿಗೆ ಅದನ್ನು ಹೇಳುವುದು ಬಿಟ್ಟುಬಿಡುತ್ತದೆ. ಮೀನು ಮಾರುವವರಿಗೆ ಮೀನು ನಾರುವುದಿಲ್ಲ, ಅಲ್ವಾ? ಅದಕ್ಕೆ ಗಾಡಿಯ ವಾಸನೆ ವಿಚಾರದಲ್ಲಿ ಡ್ರೈವರ್ ಮಾತಿಗಿಂತ ಹಮಾಲರ ಮಾತನ್ನು ನಾನು ಹೆಚ್ಚು ನಂಬುತ್ತೇನೆ. ನಾನೂ ಅಷ್ಟೇ. ಗ್ಯಾರೇಜಿನಲ್ಲಿ ಬೆಳಗ್ಗೆಯಿಂದ ನಿಂತವನು. ಇಂಥ ಗಾಡಿ ಬಂದರೆ ಒಂದು ಟೀ ಕುಡಿಯೋಕೆ ಅಂತ ರಸ್ತೆ ದಾಟಿ ಹೋಗಿ, ಹತ್ತು ನಿಮಿಷ ಬಿಟ್ಟು ಬಂದು ಮೂಗಿಡುತ್ತೇನೆ. ಹುಡುಗರು ಇದನ್ನು ನನ್ನ ಟೀ ಚಟ ಅಂದುಕೊಂಡಿದ್ದಾರೆ. ಅದೂ ಸುಳ್ಳಲ್ಲ.

ಅವನು ಅಷ್ಟರಲ್ಲಾಗಲೇ ದುಡ್ಡು ಸುರಿದು ಬಂದಿದ್ದ. ಬೇರೆ ಕಡೆ, ಸಿಲಿಂಡರಿನೊಳಗೆ ಡೀಸೆಲ್ ಸಿಡಿಸುವ ಆರೂ ನಾಝಲ್ ಹೊಸದು ಹಾಕಿಸಿದ್ದ. ಪಂಪು ಬಿಚ್ಚಿಸಿ ಕ್ಯಾಲಿಬ್ರೇಷನ್, ಅಂದರೆ ಅದು ಬಿಡುವ ಡೀಸೆಲ್ ಅಳತೆ ಸರಿ ಮಾಡಿಸಿದ್ದ. ವಾಸನೆ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು. ಈ "ಜಾಸ್ತಿಯಾಯ್ತು" ಅನ್ನೋ ಮಾತು ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಎಮಿಷನ್ ಟೆಸ್ಟ್ ಪಾಸಾಗಿದೆ ಅಂದ ಅಲ್ವಾ, ಅದರಲ್ಲಿ ಸುಳ್ಳಿಲ್ಲ. ಡೀಸೆಲ್ ಗಾಡಿಗೆ ಆ ಟೆಸ್ಟಿನಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಅಂತ. ಹೊಗೆಯ ಈಚೆಯಿಂದ ಬೆಳಕು ಬಿಟ್ಟು, ಆಚೆಗೆ ಎಷ್ಟು ತಲುಪಿತು ಅಂತ ಅಳೆಯುತ್ತಾರೆ. ಹಳೇ ಗಾಡಿಗಳಿಗೆ 65 ಹಾರ್ಟ್ರಿಜ್ ಯೂನಿಟ್ (ಹೊಗೆಯ ದಟ್ಟತೆಯ ಅಳತೆ) ತನಕ ಅವಕಾಶ ಇದೆ. ಆ ಮೆಷಿನ್ನಿಗೆ ಕಣ್ಣಿದೆ, ಮೂಗಿಲ್ಲ. ಜೊತೆಗೆ ಟೆಸ್ಟು ಮಾಡುವಾಗ ಎಂಜಿನ್ ಬಿಸಿ ಮಾಡಿ, ರೇಸ್ ಕೊಟ್ಟು ನೋಡುತ್ತಾರೆ. ಇವನ ಗಾಡಿ ನಾರುತ್ತಿದ್ದದ್ದು ತಣ್ಣಗೆ ನಿಂತಾಗ.

ಅದಕ್ಕೇ ನಾನು ಬಾನೆಟ್ ಎತ್ತುವ ಮುಂಚೆ ಮೊದಲು ಕೇಳುವ ಪ್ರಶ್ನೆ ಒಂದಿದೆ. ಯಾವಾಗ? ಬೆಳಗ್ಗೆ ಸೆಲ್ಫ್ ಹೊಡೆದಾಗಲೋ, ಸ್ಲೋ ಸ್ಪೀಡಿನಲ್ಲಿ ನಿಂತಾಗಲೋ, ಲೋಡು ಹಾಕಿಕೊಂಡು ಏರು ಹತ್ತುವಾಗಲೋ?

ಅವನು ಹೇಳಿದ: ಬೆಳಗ್ಗೆ ತಡೆಯೋಕಾಗಲ್ಲ. ಯಾರ್ಡಿನಲ್ಲೂ ಇರುತ್ತದೆ. ಲೋಡು ಹಾಕಿ ಹೈವೇಗೆ ಬಂದು ಒಂದು ಗಂಟೆ ಓಡಿಸಿದರೆ ಏನೂ ಇಲ್ಲ.

ಅರ್ಧ ರೋಗ ಅಲ್ಲೇ ಗೊತ್ತಾಯಿತು.

ಎರಡನೇ ಪ್ರಶ್ನೆ ಎಂಥ ವಾಸನೆ ಅಂತ. ಇದಕ್ಕೆ ನಮ್ಮ ಭಾಷೆಯಲ್ಲಿ ಒಳ್ಳೊಳ್ಳೇ ಮಾತುಗಳಿವೆ. ಬರೀ "ಗಬ್ಬು" ಅಂದರೆ ನನಗೆ ಉಪಯೋಗವಿಲ್ಲ. ಹಸಿ ವಾಸನೆಯಾ? ಅಂದರೆ ಬಂಕಿನಲ್ಲಿ ನಿಂತಾಗ ಬರುವ ಡೀಸೆಲ್ ವಾಸನೆಯಾ? ಹಾಗಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಂದು ಸಿಲಿಂಡರ್ ಕೆಲಸವನ್ನೇ ಮಾಡುತ್ತಿಲ್ಲ. ಘಾಟಾ? ಒಣಮೆಣಸಿನಕಾಯಿ ಹುರಿದ ಹಾಗೆ ಕಣ್ಣಿಗೆ, ಗಂಟಲಿಗೆ ಹತ್ತುತ್ತಾ? ಹಾಗಿದ್ದರೆ ಡೀಸೆಲ್ ಅರೆಬರೆ ಉರಿದಿದೆ. ಕಮಟಾ? ಅದು ಎಂಜಿನ್ ಆಯಿಲ್. ಸಿಹಿಸಿಹಿ ವಾಸನೆಯಾ? ಅದು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ. ರೇಡಿಯೇಟರಿಗೆ ಬರೀ ನಲ್ಲಿ ನೀರು ಹಾಕುವವರಿಗೆ ಈ ಸುಳಿವು ಸಿಗುವುದಿಲ್ಲ, ಅದು ಬೇರೆ ಮಾತು. ಕೊಳೆತ ಮೊಟ್ಟೆಯ ಹಾಗೆ ಬಂದರೆ ಸೈಲೆನ್ಸರ್ ಬಿಡಿ, ಬ್ಯಾಟರಿ ನೋಡಿ. ಓವರ್ ಚಾರ್ಜ್ ಆಗಿ ಕುದಿಯುತ್ತಿರುತ್ತದೆ.

ಇವನದು ಘಾಟು. ಬಜ್ಜಿ ಅಂಗಡಿಯಲ್ಲಿ ಬಾಣಲೆ ಎಣ್ಣೆ ಜಾಸ್ತಿ ಕಾದು ಹೊಗೆ ಎದ್ದಾಗ ಕಣ್ಣು ಉರಿಯುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಅಕ್ರೋಲೀನ್ ಅನ್ನುವ ವಸ್ತು. ಅರೆಬೆಂದ ಡೀಸೆಲ್ ಹೊಗೆಯಲ್ಲೂ ಅದೇ ಇದೆ. ಜೊತೆಗೆ ಫಾರ್ಮಾಲ್ಡಿಹೈಡ್ ಇದೆ. ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಕೆಡದ ಹಾಗೆ ಇಡುತ್ತಾರಲ್ಲ, ಆ ಫಾರ್ಮಲಿನ್ ವಾಸನೆ. ಇವೆಲ್ಲ ಡೀಸೆಲ್ಲಿನಲ್ಲಿ ಮೊದಲೇ ಇದ್ದವಲ್ಲ. ಉರಿಯಲು ಶುರುವಾಗಿ ಅರ್ಧಕ್ಕೆ ನಿಂತ ಡೀಸೆಲ್ಲಿನಿಂದ ಹುಟ್ಟುವಂಥವು.

ಅರ್ಧಕ್ಕೆ ಯಾಕೆ ನಿಲ್ಲುತ್ತದೆ? ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಹದಿನಾರು, ಹದಿನೇಳರಲ್ಲಿ ಒಂದು ಪಾಲಿಗೆ ಒತ್ತುತ್ತೇವೆ. ಆ ಒತ್ತಡಕ್ಕೆ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಆ ಕಾವಿಗೆ ಡೀಸೆಲ್ ಸಿಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಂದರೆ ಇಲ್ಲಿ ಬೆಂಕಿಪೊಟ್ಟಣ ಅಂದರೆ ಕಾವೇ. ಸುತ್ತಲಿನ ಲೋಹ ತಣ್ಣಗಿದ್ದರೆ ಆ ಕಾವನ್ನು ಅದೇ ಕುಡಿದುಬಿಡುತ್ತದೆ. ಗೋಡೆಗೆ ಬಡಿದ ಹನಿ ಅಲ್ಲೇ ಅಂಟಿಕೊಂಡು ಅರೆಬರೆ ಉರಿಯುತ್ತದೆ.

ಹಾಗಾಗಿ ನಾನು ಮೊದಲು ನೋಡಿದ್ದು ನಾಝಲ್ ಅಲ್ಲ, ಡ್ಯಾಶ್ ಬೋರ್ಡು. ಟೆಂಪರೇಚರ್ ಮುಳ್ಳು. "ಇದು ಎಲ್ಲಿ ತನಕ ಏರುತ್ತೆ?" ಅಂದೆ. "ಏರಲ್ಲ ಅಣ್ಣಾ, ಗಾಡಿ ಫುಲ್ ಕೂಲ್" ಅಂದ, ಹೆಮ್ಮೆಯಿಂದ.

ಇಲ್ಲಿ ಕೂತಿರುವವರಲ್ಲಿ ಎಷ್ಟು ಜನ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಕಿದ್ದೀರಿ? ಕೈ ಎತ್ತಿ, ಬೈಯುವುದಿಲ್ಲ. (ಸುಮಾರು ಕೈಗಳು ಮೇಲೆ ಬಂದವು.) ನೋಡಿ! ನಾನೂ ಕಿತ್ತಿದ್ದೇನೆ. ಬೇಸಿಗೆಯಲ್ಲಿ ಗಾಡಿ ಕಾಯುತ್ತದೆ ಅಂತ ಬರುತ್ತಾರೆ. ರೇಡಿಯೇಟರ್ ಕಟ್ಟಿಕೊಂಡಿರುತ್ತದೆ, ಫ್ಯಾನ್ ಬೆಲ್ಟ್ ಸಡಿಲ ಇರುತ್ತದೆ. ಅದೆಲ್ಲ ಬಿಡಿಸಿ ನೋಡುವ ಬದಲು ವಾಲ್ವ್ ತೆಗೆದು ಎಸೆದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗೀತು. ನಮ್ಮ ಕಡೆ ಹಳೇ ಲಾರಿಗಳಲ್ಲಿ ವಾಲ್ವ್ ಇರುವುದೇ ಅಪರೂಪ ಅನ್ನುವಂತಾಗಿದೆ.

ಆ ವಾಲ್ವ್ ಮಾಡುವ ಕೆಲಸ ಸಣ್ಣದು. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ಒಳಗೇ ಸುತ್ತಿಸುತ್ತದೆ. ಸುಮಾರು 80 ಡಿಗ್ರಿ ಹತ್ತಿರ ಬಂದಮೇಲೆ ಬಾಯಿ ತೆರೆಯುತ್ತದೆ. ಅದೇ ಇಲ್ಲದಿದ್ದರೆ ನೀರು ಮೊದಲ ನಿಮಿಷದಿಂದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತಿರುತ್ತದೆ. ಸ್ಲೋ ಸ್ಪೀಡಿನಲ್ಲಿ ಎಷ್ಟು ಹೊತ್ತು ನಿಂತರೂ ಎಂಜಿನ್ ಬಿಸಿಯೇರುವುದಿಲ್ಲ. ತಮಾಷೆ ಅಂದರೆ, ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ಬಾಯಿ ತೆರೆದಾಗ, ನೀರು ಒಳಗೇ ಸುತ್ತುವ ಬೈಪಾಸ್ ದಾರಿ ಮುಚ್ಚುತ್ತದೆ. ಅಂಥದ್ದರಲ್ಲಿ ವಾಲ್ವ್ ಕಿತ್ತರೆ ಅರ್ಧ ಬಿಸಿನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ತಿರುಗುತ್ತದೆ. ಅಂದರೆ ಬೆಳಗ್ಗೆ ತಣ್ಣಗೆ, ಘಾಟಿಯಲ್ಲಿ ಓವರ್ ಹೀಟ್. ಎರಡೂ ಕಡೆ ನಷ್ಟ.

ಇವನ ಗಾಡಿಯ ಮೇಲಿನ ಹೋಸು ಬಿಚ್ಚಿ ಹೌಸಿಂಗ್ ತೆಗೆದೆ. ಒಳಗೆ ಖಾಲಿ. ವಾಲ್ವ್ ಕೂರುವ ಜಾಗದಲ್ಲಿ ತುಕ್ಕಿನ ಉಂಗುರ ಮಾತ್ರ. ಕಿತ್ತು ಎಷ್ಟೋ ವರ್ಷ ಆಗಿತ್ತು.

ಹೊಸ ವಾಲ್ವ್ ತರಿಸಿದೆವು. ಹಾಕುವ ಮುಂಚೆ ಪರೀಕ್ಷೆ ಮಾಡಿ. ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ವಾಲ್ವ್ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಅದರ ಮೇಲೆ ಒತ್ತಿರುವ ಡಿಗ್ರಿಯ ಹತ್ತಿರ ಬಂದಾಗ ನಿಧಾನಕ್ಕೆ ಅರಳುತ್ತದೆ. ನೋಡೋಕೆ ಚೆಂದ. ಪಾತ್ರೆ ಮಾತ್ರ ಮನೆಯದ್ದು ತರಬೇಡಿ. ನಾನು ಒಮ್ಮೆ ತಂದು ಅನುಭವಿಸಿದ್ದೇನೆ.

ವಾಲ್ವ್ ಹಾಕಿ ಎರಡು ಟ್ರಿಪ್ ಕಳಿಸಿದೆ. ಯಾಕೆ ಎರಡು ಟ್ರಿಪ್? ವರ್ಷಗಟ್ಟಲೆ ಅರೆಬರೆ ಉರಿದ ಡೀಸೆಲ್ ಸೈಲೆನ್ಸರ್ ಒಳಗೆ ಜಿಡ್ಡಾಗಿ ಕೂತಿರುತ್ತದೆ. ರೋಗ ಹೋದರೂ ಆ ಜಿಡ್ಡು ಲೋಡಿನಲ್ಲಿ ಕಾದು ಸುಟ್ಟುಹೋಗುವ ತನಕ ನಾರುತ್ತಲೇ ಇರುತ್ತದೆ. ರಿಪೇರಿ ಮಾಡಿದ ಸಂಜೆಯೇ ಮೂಗಿಟ್ಟು "ಏನೂ ಆಗಿಲ್ಲ" ಅನ್ನಬೇಡಿ.

ವಾಪಸ್ ಬಂದ. ಮುಕ್ಕಾಲು ಪಾಲು ಹೋಗಿತ್ತು. ಕಾಲು ಪಾಲು ಉಳಿದಿತ್ತು. ಈಗ ಆ "ಜಾಸ್ತಿಯಾಯ್ತು" ಅನ್ನೋ ಮಾತಿಗೆ ಬರೋಣ. ಪಂಪು ಬಿಚ್ಚಿ ಕಟ್ಟಿದ ಮೇಲೆ ಜಾಸ್ತಿಯಾಗಿದೆ. ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಪಂಪು ಸರಿಯಾಗೇ ಇದ್ದಿರಬಹುದು. ಆದರೆ ಅದನ್ನು ವಾಪಸ್ ಎಂಜಿನ್ನಿಗೆ ಕೂರಿಸುವಾಗ ಟೈಮಿಂಗ್, ಅಂದರೆ ಯಾವ ಕ್ಷಣಕ್ಕೆ ಡೀಸೆಲ್ ಒತ್ತಬೇಕು ಅನ್ನೋದನ್ನು, ಯಾರು ನೋಡಿದರು? ಪಂಪನ್ನು ಎಂಜಿನ್ನಿಗೆ ಜೋಡಿಸುವ ಕಪ್ಲಿಂಗ್ ಹಳೇ ಗುರುತಿಗೆ ಕೂರಿಸಿ ಬೋಲ್ಟ್ ಬಿಗಿದರೆ ಸಾಕು ಅನ್ನುವವರೇ ಹೆಚ್ಚು. ಹಳೇ ಎಂಜಿನ್ನಿನಲ್ಲಿ ಗೇರು ಸವೆದಿರುತ್ತದೆ, ಕಪ್ಲಿಂಗ್ ಸವೆದಿರುತ್ತದೆ. ಗುರುತು ಸುಳ್ಳು ಹೇಳುತ್ತದೆ.

ಐಟಿಐ ಹುಡುಗರು ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಪಂಪಿನ ಒಂದನೇ ಪೈಪ್ ಬಿಚ್ಚಿ, ಅದರ ಡೆಲಿವರಿ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆದು ಶುದ್ಧವಾದ ಡೀಸೆಲ್ಲಿನಲ್ಲಿ ಇಡಿ. ಹೋಲ್ಡರ್ ವಾಪಸ್ ಬಿಗಿದು ಅದಕ್ಕೆ ಬಾಗಿದ ಪೈಪ್ ಹಾಕಿ. ಹಂಸದ ಕುತ್ತಿಗೆ ಥರ ಇರುತ್ತದೆ. ಆಕ್ಸಿಲರೇಟರ್ ಲಿವರ್ ಪೂರ್ತಿ ಎಳೆದು ಕಟ್ಟಿ. ಒಬ್ಬರು ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ ಒತ್ತುತ್ತಿರಬೇಕು. ಬಾಗಿದ ಪೈಪಿನಿಂದ ಡೀಸೆಲ್ ಧಾರೆಯಾಗಿ ಬರುತ್ತದೆ. ಇನ್ನೊಬ್ಬರು ಫ್ಲೈವೀಲ್ ನಿಧಾನಕ್ಕೆ, ಅದು ತಿರುಗುವ ದಿಕ್ಕಿಗೇ, ಕಂಪ್ರೆಷನ್ ಕಡೆ ತಿರುಗಿಸಬೇಕು. ಒಂದು ಕಡೆ ಧಾರೆ ಸಣ್ಣಗಾಗಿ ಹನಿಹನಿಯಾಗುತ್ತದೆ. ಅಲ್ಲೇ ನಿಲ್ಲಿಸಿ. ಆ ಕ್ಷಣವೇ ಪಂಪು ಡೀಸೆಲ್ ಒತ್ತಲು ಶುರುಮಾಡುವ ಕ್ಷಣ. ಈಗ ಫ್ಲೈವೀಲ್ ಮೇಲಿನ ಡಿಗ್ರಿ ಓದಿ, ಆ ಎಂಜಿನ್ನಿನ ಮ್ಯಾನುಯಲ್‌ನಲ್ಲಿ ಹೇಳಿದ ಡಿಗ್ರಿಯ ಜೊತೆ ಹೋಲಿಸಿ. ನನ್ನ ಬಾಯಲ್ಲಿ ಡಿಗ್ರಿ ಕೇಳಬೇಡಿ. ಒಂದೊಂದು ಎಂಜಿನ್ನಿಗೆ ಒಂದೊಂದು.

ಇವನದು ನಾಲ್ಕು ಡಿಗ್ರಿ ತಡ ಇತ್ತು. ಪಿಸ್ಟನ್ ಮೇಲೆ ಬಂದು ಇಳಿಯಲು ಶುರುಮಾಡುವ ಹೊತ್ತಿಗೂ ಡೀಸೆಲ್ ಉರಿಯುತ್ತಲೇ ಇದೆ. ಪೂರ್ತಿ ಉರಿಯಲು ಟೈಮು ಸಿಗುತ್ತಿಲ್ಲ. ಕಪ್ಲಿಂಗ್ ಬೋಲ್ಟ್ ಸಡಿಲಿಸಿ, ಸರಿಮಾಡಿ, ಇನ್ನೊಮ್ಮೆ ಹನಿ ನೋಡಿ ಬಿಗಿದೆವು. ಆಮೇಲೆ ಹಮಾಲರು ಬೈಯಲಿಲ್ಲವಂತೆ.

ಕೇಳೋಕೆ ನಾನು ಬಹಳ ಬುದ್ಧಿವಂತ ಅನ್ನಿಸಬಹುದು. ಹಾಗಾಗಿ ಇನ್ನೊಂದು ಕಥೆ ಹೇಳಲೇಬೇಕು.

ಗ್ಯಾರೇಜು ಹಾಕಿದ ಹೊಸತು. ಒಂದು ಗಾಡಿ ಬಂತು, ಹಸಿ ಡೀಸೆಲ್ ವಾಸನೆ. ಬಿಸಿಯಾದಷ್ಟೂ ಜಾಸ್ತಿ. ನಾನು ಹುರುಪಿನಲ್ಲಿ ನಾಝಲ್ ಅಂದೆ, ಬಿಚ್ಚಿದೆ, ಬದಲಾಯಿಸಿದೆ. ಹೋಗಲಿಲ್ಲ. ಕಂಪ್ರೆಷನ್ ಇಲ್ಲ ಅಂದೆ. ಹೆಡ್ ಇಳಿಸಿದೆ, ವಾಲ್ವ್ ಗ್ರೈಂಡ್ ಮಾಡಿದೆ. ಮೂರು ದಿನ ಗಾಡಿ ನಿಲ್ಲಿಸಿದೆ. ಹೋಗಲಿಲ್ಲ. ಕೊನೆಗೆ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಕಂಡಿತು. ನಾಝಲ್‌ಗಳಲ್ಲಿ ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ರಿಟರ್ನ್ ಪೈಪ್ ಇರುತ್ತದಲ್ಲ, ಅದರ ಬೋಲ್ಟಿನ ತಾಮ್ರದ ವಾಷರ್ ಸವೆದಿತ್ತು. ಅಲ್ಲಿಂದ ಜಿನುಗಿದ್ದು ಹೆಡ್ ಮೇಲೆ ಹರಿದು, ಬಿಸಿ ಮ್ಯಾನಿಫೋಲ್ಡ್ ಮೇಲೆ ಒಂದೊಂದೇ ಹನಿ. ಬಿದ್ದ ಹನಿ ಆವಿಯಾಗಿ ಹೋಗುತ್ತಿತ್ತು. ಕೆಳಗೆ ನೆಲದ ಮೇಲೆ ಗುರುತೇ ಇಲ್ಲ. ಎರಡು ತಾಮ್ರದ ವಾಷರಿಗೋಸ್ಕರ ನಾನು ಹೆಡ್ ಇಳಿಸಿದ್ದೆ. ಆ ಗಾಡಿಯವರ ಹತ್ತಿರ ಹೆಡ್ ಕೆಲಸದ ಕೂಲಿ ತಗೊಳ್ಳಲಿಲ್ಲ. ತಗೊಳ್ಳೋಕೆ ಮುಖ ಇರಲಿಲ್ಲ.

ಅಂದಿನಿಂದ ಹಸಿ ವಾಸನೆ ಅಂದರೆ ಮೊದಲು ಟಾರ್ಚು. ಸೈಲೆನ್ಸರ್ ಬಾಯಿಯಲ್ಲಿ ಬರುತ್ತಿದೆಯೋ, ಎಂಜಿನ್ ಪಕ್ಕದಲ್ಲಿ ಬರುತ್ತಿದೆಯೋ ಅಂತ ಬೇರೆ ಮಾಡಿಕೊಳ್ಳಬೇಕು. ಎಷ್ಟೋ ಸಲ ಕ್ಯಾಬಿನ್ನಿಗೆ ಬರುವ ವಾಸನೆ ಸೈಲೆನ್ಸರಿನದ್ದೇ ಅಲ್ಲ. ಪಿಸ್ಟನ್ ರಿಂಗ್ ಸವೆದ ಎಂಜಿನ್ನಿನಲ್ಲಿ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನಿಂದ ಕೆಳಗೆ ನುಸುಳುವ ಹೊಗೆ, ಬ್ರೀದರ್ ಪೈಪಿನಿಂದ ಹೊರಗೆ ಬಂದು, ಗೇರ್ ಲಿವರ್ ಪಕ್ಕದ ತೂತಿನಿಂದ ಒಳಗೆ ಏರುತ್ತದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಮೇಲೆ ಸುಮ್ನೆ ಇಟ್ಟು ನೋಡಿ. ಕುಣಿದು ಬಿದ್ದರೆ ಬೋರ್ ಕೆಲಸಕ್ಕೆ ದುಡ್ಡು ಕೂಡಿಡಲು ಶುರುಮಾಡಿ. ಹಾಗೆಯೇ ಡಿಪ್ ಸ್ಟಿಕ್ ತೆಗೆದು ಮೂಸಿ. ಆಯಿಲ್ ಹಾಕದೆಯೇ ಲೆವೆಲ್ ಏರಿದ್ದರೆ ಖುಷಿಪಡಬೇಡಿ. ಡೀಸೆಲ್ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತಿದೆ. ಆ ಗಾಡಿಯನ್ನು ಅಲ್ಲಿಂದ ಓಡಿಸಬೇಡಿ. ತೆಳುವಾದ ಆಯಿಲ್ಲಿನಿಂದ ಬೇರಿಂಗ್ ಹೋಗುತ್ತದೆ. ಲೆವೆಲ್ ಇನ್ನೂ ಏರಿದರೆ ಎಂಜಿನ್ ಆ ಆಯಿಲನ್ನೇ ಕುಡಿದು ತಾನಾಗೇ ರೇಸ್ ಆಗಬಹುದು. ಆಮೇಲೆ ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ.

ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಡೆದು ಹೊಗೆ ಕ್ಯಾಬಿನ್ ಸೇರುತ್ತಿದ್ದರೆ ಅದನ್ನು ನಾಳೆಗೆ ಮುಂದೂಡಬೇಡಿ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಗಾಜು ಏರಿಸಿ, ಎಂಜಿನ್ ಆನ್ ಇಟ್ಟು ಕ್ಯಾಬಿನ್ನಿನಲ್ಲಿ ಮಲಗಬೇಡಿ.

ಈಗ ಸಭಿಕರ ಪ್ರಶ್ನೆಗಳು.

ಒಬ್ಬ ಹಿರಿಯ ಡ್ರೈವರ್ ಕೇಳಿದರು: "ಡೀಸೆಲ್ಲೇ ಸರಿ ಇಲ್ಲ ಅಂತಾರಲ್ಲ ಮೇಸ್ತ್ರಿ?"

ಯಜಮಾನರೇ, ಹಿಂದೆ ಆ ಮಾತಿಗೆ ಅರ್ಥ ಇತ್ತು. 2000ದ ಹೊತ್ತಿಗೆ ನಮ್ಮ ಡೀಸೆಲ್ಲಿನಲ್ಲಿ ಗಂಧಕ 2500 ಪಿಪಿಎಂ ತನಕ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 2500 ಪಾಲು, ಇರಬಹುದಿತ್ತು. ಉರಿದರೆ ಬೆಂಕಿಕಡ್ಡಿ ಗೀರಿದ ವಾಸನೆ. ಈಗ 2020ರ ಏಪ್ರಿಲ್‌ನಿಂದ ದೇಶದ ತುಂಬ ಬಿಎಸ್ 6 ಡೀಸೆಲ್, ಗಂಧಕ 10 ಪಿಪಿಎಂ ಮಾತ್ರ. ಹಾಗಾಗಿ ಎಲ್ಲದಕ್ಕೂ ಬಂಕಿನವರನ್ನು ಬೈಯುವ ಹಾಗಿಲ್ಲ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಆದರೆ ಬೇರೆ. ಪಂಪಿನ ಒಳಗಿನ ಭಾಗಗಳು ಸವೆಯದ ಹಾಗೆ ಕಾಯುವ ಜಿಡ್ಡು ಡೀಸೆಲ್ಲೇ. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ. ಪ್ಲಂಜರ್ ಸವೆಯುತ್ತದೆ. ಅನುಮಾನ ಬಂದರೆ ಫಿಲ್ಟರ್ ಬೌಲಿನಿಂದ ಒಂದು ಗಾಜಿನ ಬಾಟಲಿಗೆ ಹಿಡಿದು, ಒಳ್ಳೇ ಡೀಸೆಲ್ ಪಕ್ಕ ಇಟ್ಟು ನೋಡಿ, ಮೂಸಿ. ಕೆಳಗೆ ನೀರು ಕೂತಿದ್ದರೂ ಕಾಣುತ್ತದೆ.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದ: "ಸಾರ್, ಆರರಲ್ಲಿ ಯಾವ ನಾಝಲ್ ಕೆಟ್ಟಿದೆ ಅಂತ ಬಿಚ್ಚದೆ ಗೊತ್ತಾಗಲ್ವಾ?"

ಒಳ್ಳೇ ಪ್ರಶ್ನೆ. ಗೊತ್ತಾಗುತ್ತದೆ. ಎಂಜಿನ್ ಸ್ಲೋದಲ್ಲಿ ಬಿಟ್ಟು ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲಿಸು. ಆ ಸಿಲಿಂಡರ್ ಕೆಲಸ ಮಾಡುತ್ತಿದ್ದರೆ ಎಂಜಿನ್ ಕುಂಟುತ್ತದೆ. ಬಿಗಿ, ಮುಂದಿನದಕ್ಕೆ ಹೋಗು. ಯಾವುದನ್ನು ಸಡಿಲಿಸಿದರೂ ಏನೂ ಬದಲಾಗಲಿಲ್ಲವೋ ಅಲ್ಲೇ ಕಳ್ಳ ಇದ್ದಾನೆ. ಅದು ನಾಝಲ್ಲೇ ಆಗಿರಬೇಕು ಅಂತಿಲ್ಲ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದೇ ಇರಬಹುದು, ರಿಂಗ್ ಹೋಗಿರಬಹುದು. ಆ ನಾಝಲ್ ಪಕ್ಕದ ಸಿಲಿಂಡರಿಗೆ ಹಾಕಿ ನೋಡು. ರೋಗ ಅದರ ಜೊತೆ ಹೋದರೆ ನಾಝಲ್. ಅಲ್ಲೇ ಉಳಿದರೆ ಸಿಲಿಂಡರ್.

ಎರಡು ಎಚ್ಚರಿಕೆ. ಈ ಆಟ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ. ಈಗಿನ ಕಾಮನ್ ರೈಲ್ ಗಾಡಿಯಲ್ಲಿ ಸಾವಿರ ಬಾರ್‌ಗೂ (ಬಾರ್ ಅಂದರೆ ಒತ್ತಡದ ಅಳತೆ) ಮೀರಿದ ಒತ್ತಡ ಇರುತ್ತದೆ, ಅಲ್ಲಿ ನಟ್ ಮುಟ್ಟಲೇಬೇಡಿ. ಇನ್ನೊಂದು, ನಾಝಲ್ ಟೆಸ್ಟರ್ ಮೇಲೆ ಸ್ಪ್ರೇ ನೋಡುವಾಗ ಕೈ ಅಡ್ಡ ಇಡಬೇಡಿ. ಹಳೇ ನಾಝಲ್ಲಿನ 200 ಬಾರ್ ಒತ್ತಡವೇ ಸಾಕು, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಬೆರಳು ಕೊಳೆಯುತ್ತದೆ. ಹಾಗಾದರೆ ನೋವಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಆ ಹುಡುಗನಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಮಾತು ಮುಗಿದ ಮೇಲೆ ಹತ್ತಿರ ಬಂದು, ಹೊರಗೆ ತನ್ನ ಮಾವನ ಲಾರಿ ನಿಂತಿದೆ, ಅದೂ ನಾರುತ್ತದೆ ಅಂದ. ಎಲ್ಲರೂ ಅಂಗಳಕ್ಕೆ ಹೋದೆವು. ಗಾಡಿ ಸ್ಟಾರ್ಟ್ ಮಾಡಿಸಿದೆ. ಸ್ಪ್ಯಾನರ್ ಅವನ ಕೈಗೇ ಕೊಟ್ಟೆ. ಒಂದನೇ ನಟ್ ಸಡಿಲಿಸಿದ, ಎಂಜಿನ್ ಕುಂಟಿತು. ಬಿಗಿದ. ಎರಡನೆಯದಕ್ಕೂ ಕುಂಟಿತು. ಮೂರನೆಯದು ಸಡಿಲಿಸಿದ. ಸದ್ದು ಹಾಗೇ ಇತ್ತು. ಹುಡುಗ ಒಂದು ಸಲ ಎಂಜಿನ್ ನೋಡಿದ, ಒಂದು ಸಲ ನನ್ನ ಮುಖ ನೋಡಿದ. ಹಿಂದಿನಿಂದ ಅವನ ಮಾವ, "ಲೇ, ಇನ್ನೊಂದ್ಸಲ ಮಾಡು" ಅಂದರು.